ನಾಲ್ಕನೆಯ ಗೆರೆ

ಮಾರ್ಚ್ 3, ಬೆಳಿಗ್ಗೆ ಹನ್ನೊಂದು

ಬಂದಾಗಿನಿಂದ ಹೂದಾನಿಗಳ ಧೂಳು ಒರೆಸಿದ್ದೇ ಆಯಿತು. ಈ ಮ್ಯೂಸಿಯಮ್ಮಿನ ಗಾಜಿನ ವಿಭಾಗಕ್ಕೆ ನಾನೇ ತಜ್ಞೆ, ನಾನೇ ಕಸ ಗುಡಿಸುವವಳು. ಹತ್ತೂವರೆಗೆ ವಕೀಲರು ಬಂದರು. ಗಾಜಿನ ಪ್ರಾಣಿಗಳನ್ನು ಕೂಡಿಡುವ ಹುಚ್ಚು ಅವರಿಗೆ. ಈ ಸಲ ಕತ್ತೆ. ಹೆಬ್ಬೆರಳಿನುದ್ದ, ಬಣ್ಣವಿಲ್ಲದ ಗಟ್ಟಿ ಗಾಜು, ಕಣ್ಣಿಗೆ ಎರಡು ಕರಿ ಚುಕ್ಕೆ. ಈ ತಿಂಗಳ ಪ್ರದರ್ಶನಕ್ಕೆ ಕೊಡುತ್ತಾರಂತೆ — ಯಾರು ಮಾಡಿದ್ದೆಂದು ನಾನು ಬರೆದುಕೊಟ್ಟರೆ.

ಎರಡು ನಿಮಿಷ ಸಾಕಾಯಿತು. ಭೂತಗನ್ನಡಿ ಹಿಡಿದು ಕಿವಿ ನೋಡಿದೆ. ಇಕ್ಕಳದಲ್ಲಿ ಒತ್ತಿದ ಸಣ್ಣ ಗೆರೆಗಳು. ಏಳು ಇರಬೇಕಾದಲ್ಲಿ ಆರು. ನಡುವಿನ ನಾಲ್ಕನೆಯದರ ಜಾಗ ಖಾಲಿ. ಗಾಜಿನ ಪ್ರಾಣಿಗಳಿಗೇ ಹೆಸರಾದ ವಿದೇಶದ ಆ ದೊಡ್ಡ ಕಾರ್ಖಾನೆಯದ್ದೇ ಎಂದೆ. ವಕೀಲರು ಕೈ ಮುಗಿಯುವುದೊಂದು ಬಾಕಿ. "ಮೇಡಂ, ನಿಮ್ಮ ಕಣ್ಣಿಂದ ಏನೂ ತಪ್ಪಿಸ್ಕೊಳ್ಳಲ್ಲ ಬಿಡಿ."

ನಿಜ, ತಪ್ಪಿಸಿಕೊಳ್ಳುವುದಿಲ್ಲ. ಆ ಖಾಲಿ ಗೆರೆ ಕಾರ್ಖಾನೆಯ ಗುಟ್ಟಿನ ಗುರುತು ಎಂದು ಒಂಬತ್ತು ವರ್ಷದ ಹಿಂದೆ, ವಕೀಲರದೇ ಅಳಿಲೊಂದನ್ನು ನೋಡಿ, ಮೊದಲು ಬರೆದವಳು ನಾನು. ಪೇಪರಿನಲ್ಲಿ ಫೋಟೋ ಸಮೇತ ಬಂದಿತ್ತು. ಈಗ ಎಲ್ಲರೂ ಅದನ್ನೇ ಹುಡುಕುತ್ತಾರೆ. ಹೆಮ್ಮೆ ಪಡುತ್ತೇನೆ. ಡೈರಿಯಲ್ಲೂ ಪಡದಿದ್ದರೆ ಇನ್ನೆಲ್ಲಿ?

ಮಾರ್ಚ್ 6, ಸಂಜೆ

ವಿವರ ಬರೆಯಲು ಕತ್ತೆಯನ್ನು ಮನೆಗೆ ತಂದೆ. ಅತ್ತೆ ಕನ್ನಡಕವಿಲ್ಲದೆ ಕೈಗೆತ್ತಿಕೊಂಡರು. ಬಿದ್ದರೆ ಹಿಡಿಯಲು ನಾನು ಕೆಳಗೆ ಕೈಯೊಡ್ಡಿದೆ. ತಿರುಗಿಸಿ, ಹೊಟ್ಟೆ ಸವರಿ, "ಮೂತಿ ಸ್ವಲ್ಪ ಉದ್ದ ಆಗಿಬಿಟ್ಟಿದೆ. ಅವತ್ತು ಗ್ಯಾಸ್ ಉರಿ ಸರಿಯಿರ್ಲಿಲ್ಲ," ಎಂದರು.

"ಯಾವತ್ತು ಅತ್ತೆ?"

"ಇದನ್ನ ಮಾಡಿದ ದಿವಸ."

ನಕ್ಕುಬಿಟ್ಟೆ. ಅತ್ತೆ ಲ್ಯಾಬ್ ಸಾಮಾನಿನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಟೆಸ್ಟ್ ಟ್ಯೂಬು, ಫ್ಲಾಸ್ಕು ಮಾಡಿದವರು. ಅಷ್ಟು ಗೊತ್ತು. ಇದು ಹಾಗಲ್ಲ, ಫಾರಿನ್ನಿನದು, ಕಲೆ — ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ.

"ಹಾಗಾದ್ರೆ ಸರಿ ಬಿಡಮ್ಮ. ನೀನು ಓದಿದವಳು." ಕತ್ತೆಯನ್ನು ನನ್ನ ಪುಸ್ತಕದ ಮೇಲೆ ನಿಲ್ಲಿಸಿ ಒಳಗೆ ಹೋದರು. ಆ 'ಓದಿದವಳು' ಇನ್ನೂ ಚುಚ್ಚುತ್ತಿದೆ.

ಮಾರ್ಚ್ 7, ಬೆಳಿಗ್ಗೆ ಎಂಟು

ಕಾಫಿಗೆಂದು ಹೋದರೆ ಅಡುಗೆಮನೆಯ ಕಟ್ಟೆಯ ಮೇಲೆ ಬಟ್ಟಲು, ತುಂಬ ಅಡುಗೆ ಎಣ್ಣೆ. ಅತ್ತೆ ಮೊದಲು ಒಡೆದ ಲೋಟದ ಚೂರೊಂದನ್ನು ಹಾಕಿದರು. ಚೆನ್ನಾಗಿ ಕಾಣುತ್ತಿತ್ತು. ಆಮೇಲೆ ಕತ್ತೆಗೆ ದಾರ ಕಟ್ಟಿ ಇಳಿಸಿದರು. ಕಾಲು ಹೋಯಿತು. ಹೊಟ್ಟೆ ಹೋಯಿತು. ಕಿವಿಯೂ ಹೋಯಿತು. ಎಣ್ಣೆಯೊಳಗೆ ಉಳಿದದ್ದು ಎರಡು ಕರಿ ಚುಕ್ಕೆ ಮಾತ್ರ, ನನ್ನನ್ನೇ ನೋಡುತ್ತ.

"ಲ್ಯಾಬ್ ಗಾಜು ಎಣ್ಣೇಲಿ ಕಾಣಲ್ಲ ಕಣೆ. ವರ್ಕ್‌ಶಾಪಲ್ಲಿ ಎರಡು ಥರದ ಗಾಜು ಬೆರೆತುಹೋದ್ರೆ ಹೀಗೇ ಬೇರೆ ಮಾಡ್ತಿದ್ವಿ."

ವಿದೇಶದ ಆ ಕಾರ್ಖಾನೆ ಲ್ಯಾಬ್ ಗಾಜನ್ನು ಮುಟ್ಟಿದ್ದೇ ಇಲ್ಲ. ಅದನ್ನೂ ನಾನೇ ಬರೆದಿದ್ದೇನೆ. ಕಾಫಿ ಆರಿಹೋಯಿತು.

ಮಾರ್ಚ್ 12

ಐದು ದಿನ ಡೈರಿ ಮುಟ್ಟಲಿಲ್ಲ. ಅತ್ತೆಯ ಜೊತೆಗೂ ಎಷ್ಟು ಬೇಕೋ ಅಷ್ಟೇ ಮಾತು. "ನೀವಿಬ್ಬರೂ ಜಗಳ ಆಡಿದ್ರಾ?" ಎಂದು ಇವರು ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೆ ಇಲ್ಲ ಎಂದೆವು. ಲ್ಯಾಬ್ ಗಾಜೇ ಇರಲಿ... ಅತ್ತೆಯೇ ಮಾಡಿದ್ದೆಂದು ಏನು ಗ್ಯಾರಂಟಿ? ಹೀಗೆ ನನ್ನೊಳಗೇ ವಾದ ಮಾಡುತ್ತಿದ್ದೆ.

ಇವತ್ತು ಬಿಸಿ ಮುಚ್ಚಳ ತೆಗೆಯಲು ಡ್ರಾಯರಿನಿಂದ ಇಕ್ಕಳ ತೆಗೆದೆ. ಅತ್ತೆಯ ಹಳೇ ಚಪ್ಪಟೆ ಬಾಯಿಯ ಇಕ್ಕಳ. ಮದುವೆಯಾಗಿ ಬಂದಾಗಿನಿಂದ ಬಳಸುತ್ತಿದ್ದೇನೆ. ಬಾಯಿಯೊಳಗೆ ಸಣ್ಣ ಹಲ್ಲುಗಳು. ನಡುವಿನದು ಮುರಿದಿದೆ.

ಮೇಣ ಬಿಸಿ ಮಾಡಿ ಒತ್ತಿದೆ. ಆರು ಗೆರೆ. ನಾಲ್ಕನೆಯದು ಇಲ್ಲ. ಭೂತಗನ್ನಡಿಯಲ್ಲಿ ಕತ್ತೆಯ ಕಿವಿಯ ಪಕ್ಕ ಹಿಡಿದೆ. ಅದೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನ್ನ ಗುಟ್ಟಿನ ಗುರುತಿನಲ್ಲಿ ನಾನು ಹದಿನಾಲ್ಕು ವರ್ಷ ಹಾಲಿನ ಪಾತ್ರೆಯ ಮುಚ್ಚಳ ಎತ್ತಿದ್ದೇನೆ! ಅಳು ಬಂತು. ಅದಕ್ಕಿಂತ ಜಾಸ್ತಿ ನಗು.

"ಇದು ಹೇಗೆ ಮುರೀತು ಅತ್ತೆ?"

"ಫೋರ್‌ಮನ್ ಕಾಲ ಮೇಲೆ ಬಿದ್ದು ನೆಲಕ್ಕೆ ಬಡೀತು. ಬಿಡುವಿನಲ್ಲಿ ಉಳಿದ ಗಾಜಿನ ಕಡ್ಡೀಲಿ ಪ್ರಾಣಿ ಮಾಡ್ತೀನಿ ಅಂತ ಬೈಯೋಕೆ ಬಂದಿದ್ದ."

"ಬೇಕಂತಲೇ ಬೀಳಿಸಿದ್ರಾ?"

"ಕೈ ಜಾರಿತು." ಮುಖದಲ್ಲಿ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಮಾಡಿದ್ದನ್ನೆಲ್ಲ ಬಂದುಹೋದವರಿಗೆ ಕೊಟ್ಟುಬಿಡುತ್ತಿದ್ದರಂತೆ. ಅಳಿಲು ಪೇಪರಿನಲ್ಲಿ ಬಂದಾಗಲೇ ಯಾಕೆ ಹೇಳಲಿಲ್ಲ ಎಂದೆ.

"ನಿನ್ನ ಫೋಟೋ ಎಷ್ಟು ಚೆನ್ನಾಗಿ ಬಂದಿತ್ತು. ಹಾಳು ಮಾಡ್ಲಾ? ಅಲ್ದೆ... ಫಾರಿನ್ ಅಂದ್ಕೊಳ್ಳೋವಷ್ಟು ಚೆನ್ನಾಗಿ ಮಾಡಿದ್ದೀನಲ್ಲ ಅಂತ ಒಳಗೊಳಗೇ ಖುಷಿ."

ಈ ಮನೆಯಲ್ಲಿ ಜಂಭದ ಕೋಳಿ ನಾನೊಬ್ಬಳೇ ಅಂದುಕೊಂಡಿದ್ದೆ.

ಮಾರ್ಚ್ 16, ಮಧ್ಯಾಹ್ನ

ಮ್ಯೂಸಿಯಮ್ಮಿನ ಡೈರೆಕ್ಟರ್ ಕೋಣೆಯಲ್ಲಿ, ವಕೀಲರನ್ನೂ ಕರೆಸಿ, ಎಲ್ಲ ಹೇಳಿದೆ. ವಕೀಲರ ಮುಖ ಕೆಂಪಗಾಯಿತು. "ಯಾರು ಅಂದ್ರಿ? ನಿಮ್ಮ ಅತ್ತೇನಾ? ನಾಳೆ ನಿಮ್ಮ ಮಾವ ಮಾಡಿದ್ದೂ ಒಂದು ಬರುತ್ತಾ?"

ಡೈರೆಕ್ಟರ್ ನಯವಾಗಿ, "ತಯಾರಕರು ತಿಳಿದಿಲ್ಲ ಅಂತ ಕಾರ್ಡ್ ಹಾಕಿಬಿಡೋಣ. ನಿಮ್ಮ ಹೆಸರೂ ಕೆಡಲ್ಲ," ಎಂದರು.

ಸುಳ್ಳೇಕೆ, ಒಂದು ಕ್ಷಣ ಆಸೆಯಾಯಿತು. ಆದರೆ ತಿಳಿದಿದೆಯಲ್ಲ! ತಿಳಿದೂ ತಿಳಿದಿಲ್ಲ ಎಂದು ನಾನು ಹೇಗೆ ಬರೆಯಲಿ? ನನ್ನ ಹಳೆಯ ಲೇಖನ ತಪ್ಪು ಎಂದು ಅಲ್ಲೇ ಬರೆದು ಸಹಿ ಹಾಕಿದೆ. ಆಮೇಲೆ ಬ್ಯಾಗಿನಿಂದ ಇಕ್ಕಳ, ಮೇಣ, ಎಣ್ಣೆ ಬಾಟಲಿ. ವಕೀಲರು ಹಟಕ್ಕೆ ಬಿದ್ದು ಮನೆಯಿಂದ ಅಳಿಲನ್ನು ತರಿಸಿ ತಾವೇ ಬಟ್ಟಲಿನ ಎಣ್ಣೆಗೆ ಇಳಿಸಿದರು. ಅದೂ ಮಾಯ. ಎತ್ತಿ, ಒರೆಸಿ, ಮತ್ತೆ ಮುಳುಗಿಸಿ ನೋಡಿದರು. ಕೊನೆಗೆ, "ನಿಮ್ಮ ಅತ್ತೆ ಮನೇಲಿ ಸಿಗ್ತಾರಾ? ಇನ್ನೂ ಐದಿವೆ. ಅವರಿಗೆ ತೋರಿಸ್ಬೇಕು."

ತಪ್ಪು ಒಪ್ಪಿಕೊಂಡು ಇಷ್ಟು ಎದೆಯುಬ್ಬಿಸಿ ಮೆಟ್ಟಿಲಿಳಿದವರು ಬೇರೆ ಯಾರೂ ಇರಲಿಕ್ಕಿಲ್ಲ.

ಮಾರ್ಚ್ 28, ಸಂಜೆ ಏಳು

ಪ್ರದರ್ಶನ. ಕತ್ತೆಯ ಪಕ್ಕ ಕಾರ್ಡಿನಲ್ಲಿ ಅತ್ತೆಯ ಪೂರ್ತಿ ಹೆಸರು. ಮೂರು ಸಲ ಓದಿಕೊಂಡರು. "ಇಷ್ಟು ದಪ್ಪ ಅಕ್ಷರ ಯಾಕೆ?" ಎಂದು ಗೊಣಗಿದರು, ಅಲ್ಲಿಂದ ಕದಲಲಿಲ್ಲ. ಯಾರೋ ಒಬ್ಬಾಕೆ ನನ್ನನ್ನು ಕೇಳಿದರು, "ಇವರು ಈಗ ಇದ್ದಾರಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಇದ್ದಾಳೆ. ನಿಮ್ಮ ಪಕ್ಕದಲ್ಲೇ ನಿಂತಿದ್ದಾಳೆ."

ಕಣ್ಣು ತುಂಬಿತು. ನನ್ನ ಫೋಟೋ ಬಂದ ದಿನವೂ ಇಷ್ಟು ಹೆಮ್ಮೆಯಾಗಿರಲಿಲ್ಲ.

ಆಮೇಲೆ ಮುಂದಿನ ಕಪಾಟು. ಗಾಜಿನ ಮೊಲ, 'ತಯಾರಕರು ತಿಳಿದಿಲ್ಲ'. ಅತ್ತೆ ಬಗ್ಗಿ ನೋಡಿದರು. "ಇದು ನಂದಲ್ಲ. ವರ್ಕ್‌ಶಾಪಲ್ಲಿ ನನ್ನ ಪಕ್ಕದ ಬೆಂಚಿನವಳದ್ದು. ಯಾವಾಗ್ಲೂ ಬಾಲ ಸೊಟ್ಟ." ಪೆನ್ನು ತೆಗೆದು ಹೆಸರು ಕೇಳಿದೆ. ಹೇಳಿದರು. ಬರೆದುಕೊಂಡೆ.

ಮಾರ್ಚ್ 29, ಬೆಳಿಗ್ಗೆ ಏಳೂವರೆ

ಬೆಂಚಿನ ಗೆಳತಿಯ ವಿಳಾಸ ಸಿಕ್ಕಿದೆ. ಎರಡು ಬಸ್ ಬದಲಿಸಬೇಕು. ಮೊಲದ ಫೋಟೋ ತೆಗೆದುಕೊಂಡೆ, ಖಾಲಿ ಕಾರ್ಡೂ ಒಂದು. ಅತ್ತೆ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. "ಬರೆದಿದ್ದು ಸಾಕು ಏಳು. ಅವಳು ನನಗಿಂತ ದೊಡ್ಡವಳು ಕಣೆ, ಬೇಗ—"