ಮೇಡಂ ಕೊಟ್ಟ ಕವರು

ಭಾನುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ಪುಟ್ಟಿಯ ನಮಸ್ಕಾರ. ಎರಡು ಪತ್ರಕ್ಕೂ ಉತ್ತರವಿಲ್ಲ, ನಿನ್ನ ಕೈಗೇನು ರೋಗ ಎಂದು ಬೈದಿದ್ದೀಯ. ತಪ್ಪಾಯಿತು. ಬರೆಯಬಾರದೆಂದಲ್ಲ, ಕೂತರೆ ಏನು ಬರೆಯುವುದೋ ತೋಚುತ್ತಿರಲಿಲ್ಲ. ನಿನ್ನ ಮಂಡಿನೋವು ಹೇಗಿದೆ?

ಈಗೊಂದು ಸುದ್ದಿ ಇದೆ. ನಮ್ಮ ಲಾಂಡ್ರಿಯ ಹೆಂಗಸರು ಫೋನಿನಲ್ಲಿ ಭವಿಷ್ಯ ಹೇಳುವವನೊಬ್ಬನಿಗೆ ಮರುಳಾಗಿದ್ದನ್ನು ಕಂಡು ಲಾಂಡ್ರಿ ಮಾಲೀಕರು ಒಬ್ಬ ಮೇಡಂ ಅವರನ್ನು ಕರೆಸಿದರು. ಮನಸ್ಸಿನ ವಿಷಯ ಓದಿದವರಂತೆ. ಒಬ್ಬೊಬ್ಬರಿಂದಲೂ ಒಂದು ಮನೆಯ ಚಿತ್ರ ಬರೆಸಿಕೊಂಡು ಹೋದರು. ಇಸ್ತ್ರಿ ಹಿಡಿಯುವ ಕೈಗೆ ಪೆನ್ಸಿಲ್ ಎಲ್ಲಿ ಬಗ್ಗುತ್ತದೆ? ನನ್ನ ಮನೆ ವಾಲಿಕೊಂಡಿತ್ತು. ಮುಂದಿನ ವಾರ ಬಂದು ಹೆಸರು ಬರೆದ ಕವರು ಹಂಚಿ, "ನಿಮ್ಮ ಸ್ವಭಾವ ಇದರಲ್ಲಿದೆ, ಯಾರಿಗೂ ತೋರಿಸ್ಬೇಡಿ" ಅಂದರು.

ನನ್ನದರಲ್ಲಿ ಹೀಗಿತ್ತು: "ನೀವು ಹೊರಗೆ ಗಟ್ಟಿಯಾಗಿ ಕಾಣುತ್ತೀರಿ, ಒಳಗೆ ಅಳುಕಿದೆ. ಎಲ್ಲರ ಮಾತು ಕೇಳಿಸಿಕೊಳ್ಳುತ್ತೀರಿ, ನಿಮ್ಮ ಮಾತು ಕೇಳುವವರು ಕಡಿಮೆ. ಜನರ ನಡುವೆಯೂ ಕೆಲವೊಮ್ಮೆ ಒಂಟಿ ಅನಿಸುತ್ತದೆ." ಅಕ್ಕಾ, ಕಣ್ಣು ತುಂಬಿ ಬಂತು. ಒಗೆಯುವ ಯಂತ್ರದ ಹತ್ತಿರ ನಮ್ಮ 'ಗುಡುಗು' ಇದ್ದಾಳಲ್ಲ, ದನಿ ಎತ್ತಿದರೆ ಬೀದಿಗೆಲ್ಲ ಕೇಳುವವಳು, ಅವಳೂ ಮೂಗು ಒರೆಸಿಕೊಳ್ಳುತ್ತಿದ್ದಳು. "ನನ್ನೊಳಗೆ ಹೊಕ್ಕು ನೋಡಿದಂಗೆ ಬರ್ದಿದಾರೆ ಕಣೇ" ಅಂದಳು.

ಆಮೇಲೆ ಮೇಡಂ ಹಾಳೆಗಳನ್ನು ಅದಲುಬದಲು ಮಾಡಿ ಓದಿಸಿದರು. ಎಲ್ಲದರಲ್ಲೂ ಅವೇ ಸಾಲುಗಳು. ನಮ್ಮ ಚಿತ್ರಗಳನ್ನು ಅವರು ಬಿಚ್ಚಿಯೂ ನೋಡಿರಲಿಲ್ಲವಂತೆ. "ಇಂಥ ಮಾತು ಯಾರಿಗೆ ಹೇಳಿದ್ರೂ ನಂದೇ ಅನ್ಸುತ್ತೆ. ಹೊಂದೋದನ್ನ ಹಿಡ್ಕೋತೀವಿ, ಹೊಂದದ್ದನ್ನ ಮರೀತೀವಿ. ಆ ಫೋನಿನವನ ವಿದ್ಯೆನೂ ಇಷ್ಟೇ" ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುಡುಗು ತನ್ನ ಹಾಳೆ ಹರಿದೇ ಹಾಕಿದಳು. ನಾನೂ ನಕ್ಕೆ, ಆದರೆ ಬಿಸಾಡಲು ಮನಸ್ಸಾಗಲಿಲ್ಲ. ಸುಳ್ಳೇ ಇರಲಿ, ನನ್ನ ಒಳಗಿನದನ್ನು ಯಾರಾದರೂ ಆಡಿ ತೋರಿಸಿ ಎಷ್ಟು ಕಾಲವಾಗಿತ್ತು.

ಇಲ್ಲಿ ಎಲ್ಲರೂ ಕ್ಷೇಮ. ಇವರು ಆರೋಗ್ಯವಾಗಿ ಟೀವಿ ಮುಂದೆ ಇದ್ದಾರೆ. ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮಗಳು ನೂರು ಕಾಲ ಚೆನ್ನಾಗಿರಲಿ, ಅವಳ ಮಾತು ಕೇಳುವವರು ಅವಳಿಗೆ ಸಿಗಲಿ.

ನಿನ್ನ
ಪುಟ್ಟಿ

ಮರೆತಿದ್ದೆ: ಆ ಹಾಳೆಯನ್ನು ಇವರಿಗೆ ಓದಿ ಹೇಳಿದೆ. ಎಲ್ಲಿಂದ ಬಂತೆಂದು ಹೇಳಲಿಲ್ಲ. "ಇದು ಯಾರು ಹೇಳಿ ನೋಡೋಣ" ಅಂದೆ. "ನಮ್ಮಮ್ಮ" ಅಂದರು. ಅಲ್ಲ ಅಂದೆ. "ಹಂಗಾದ್ರೆ ನಿಮ್ಮಕ್ಕ." ಅಲ್ಲ ಅಂದೆ. ಪಕ್ಕದ ಮನೆಯಾಕೆ, ಇವರ ಆಫೀಸಿನ ಜವಾನ, ಎಲ್ಲರ ಹೆಸರೂ ಬಂದುಹೋಯಿತು. ಕೊನೆಗೆ, "ಇನ್ಯಾರಿದಾರೆ? ನೀನೇ ಹೇಳಿಬಿಡು" ಅಂದರು. ಲೋಕದಲ್ಲಿ ಯಾರಿಗೆ ಬೇಕಾದರೂ ಹೊಂದುವ ಮಾತು ಅದು, ಅಕ್ಕಾ. ನನಗೂ ಹೊಂದೀತು ಎಂದು ಇವರಿಗೆ ಹೊಳೆಯಲೇ ಇಲ್ಲ.