ಮಂಡಕ್ಕಿ ಭಟ್ಟಿಯ ಬ್ಲೋವರ್

ಕೊಟ್ರೇಶ,

ಇದನ್ನು ನಿನಗೆ ಕಳಿಸುವುದಿಲ್ಲ, ಅದಕ್ಕೇ ನೇರವಾಗಿ ಬರೆಯುತ್ತಿದ್ದೇನೆ. ಭತ್ತದ ಹೊಟ್ಟಿನಿಂದ ಕರೆಂಟ್ ತೆಗೆಯುವ ನನ್ನ ಯಂತ್ರಕ್ಕೆ ಇವತ್ತು ಹಣ ಮಂಜೂರಾಯಿತು. ಖುಷಿಯಾಗಬೇಕಿತ್ತು, ಮೈಯೆಲ್ಲ ಉರಿಯುತ್ತಿದೆ.

ಮೂರು ಸಲ ಅರ್ಜಿ ವಾಪಸ್ ಬಂದಿತ್ತು. ಈ ಸಲ ನಮ್ಮ ಆಫೀಸಿನ ಸಹನಾ ನನ್ನನ್ನು ಕೇಳದೆ ಕೊನೆಗೊಂದು ಸಾಲು ಸೇರಿಸಿದ್ದಳು: ದಾವಣಗೆರೆಯ ಹನ್ನೊಂದು ಮಂಡಕ್ಕಿ ಭಟ್ಟಿಗಳಲ್ಲಿ ನಮ್ಮ ಬ್ಲೋವರ್ ಹೊಟ್ಟನ್ನು ಹೊಗೆಯಿಲ್ಲದೆ ಉರಿಸುತ್ತಿದೆ. ಆ ಬ್ಲೋವರ್ ನೀನು ಮಾಡಿದ್ದು. "ಫ್ಯಾನ್ ಮಾಡಾಕೆ ಇಂಜಿನಿಯರಿಂಗ್ ಯಾಕ ಓದಬೇಕಿತ್ತು" ಎಂದು ಗುತ್ತೂರಿನ ನಮ್ಮ ಶೆಡ್ಡಿನಲ್ಲಿ ಎಲ್ಲರೆದುರು ಕೇಳಿದ್ದೆನಲ್ಲ, ಅದೇ. ಮರುದಿನದಿಂದ ನೀನು ಕೆಲಸಕ್ಕೆ ಬರಲಿಲ್ಲ; ಈಗ ಎಲ್ಲಿದ್ದೀಯೋ ನನಗೆ ಗೊತ್ತೂ ಇಲ್ಲ.

ಹಣ ಕೊಡುವವರು ನನ್ನ ನಕ್ಷೆಗಳನ್ನು ಬಿಚ್ಚಲೂ ಇಲ್ಲ. ನನ್ನನ್ನೂ ಕರೆದುಕೊಂಡು ಸೀದಾ ಭಟ್ಟಿಗೆ ಹೋದರು. ಅಮಾವಾಸ್ಯೆಯ ಪೂಜೆಗೆ ಹಚ್ಚಿದ ವಿಭೂತಿ ಬ್ಲೋವರ್ ಮೇಲೆ ಹಾಗೇ ಇತ್ತು. ಇದು ಕೆಡುವುದಿಲ್ಲವೇ ಎಂದು ಮಂಡಕ್ಕಿ ಹುರಿಯುವ ದುರುಗವ್ವನನ್ನು ಕೇಳಿದರು.

"ನಾಕು ವರ್ಷಾತ್ರಿ, ಒಂದಿನ ನಿಂತಿಲ್ಲ. ಮಾಡ್ದೋರು ಅಮಾಸಿಗೊಮ್ಮೆ ಬಂದು, ಭಟ್ಟಿ ಆರಿದ್ಮ್ಯಾಲೆ ತಾವೇ ಬಿಚ್ಚಿ ಒರೆಸಿ ಎಣ್ಣೆ ಬಿಡ್ತಿದ್ರು. ನಮಗೂ ಕಲಿಸಿ ಹೋಗ್ಯಾರೆ, ಈಗ ನಾವೇ ಮಾಡ್ತೀವಿ."

"ಇವರೇ ತಾನೆ?" ಎಂದು ಅವರಲ್ಲಿ ಹಿರಿಯ ಸಾಹೇಬರು ನನ್ನತ್ತ ಕೈ ತೋರಿಸಿದರು.

ದುರುಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇವ್ರನ್ನ ಇವತ್ತೇ ನೋಡಿದ್ದು ನಾನು."

ಸಾಹೇಬರು ಫೈಲ್ ಮುಚ್ಚಿದರು. "ಇದನ್ನು ಮಾಡಿದವರು ಜೊತೆಗಿದ್ದರೆ ನಿಮ್ಮ ದೊಡ್ಡ ಯಂತ್ರಕ್ಕೂ ಧೈರ್ಯವಾಗಿ ಕೊಡಬಹುದು. ಎಲ್ಲಿದ್ದಾರೆ ಅವರು?"

"ಊರಿಗೆ ಹೋಗಿದಾರೆ, ಸರ್," ಎಂದೆ. "ಅಮಾವಾಸ್ಯೆ ಹೊತ್ತಿಗೆ ಬರ್ತಾರೆ."