ದೋಣಿ ಕತೆಯ ಕ್ಯಾಸೆಟ್

ಅಲ್ ಮುಂತಜಾ, ದೋಹಾ
17 ಮೇ 1996, ಶುಕ್ರವಾರ

ಪ್ರೀತಿಯ ಅಕ್ಕ,

ನಿನಗೂ ಭಾವನವರಿಗೂ ನಮಸ್ಕಾರ. ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಉತ್ತರವಿಲ್ಲವೆಂದು ಬೈದುಕೊಂಡಿದ್ದರೆ ಆ ಬೈಗುಳ ನನಗೆ ಸಲ್ಲಬೇಕಾದ್ದೇ. ಇವತ್ತು ರಜೆ. ಕೋಣೆಯಲ್ಲಿ ಜೊತೆಗಿರುವ ಇಬ್ಬರು ಟೀಚರುಗಳು ಸಮುದ್ರದ ಕಡೆ ಹೋಗಿದ್ದಾರೆ. ಎ.ಸಿ. ಕೆಟ್ಟು ವಾರವಾಯಿತು, ರಿಪೇರಿಯವನು ನಾಳೆ, ನಾಳೆ ಎನ್ನುತ್ತಲೇ ಇದ್ದಾನೆ. ಸೆಕೆಗೆ ತಲೆ ಕಾದಿದೆ. ಈ ಕಾಗದದಲ್ಲಿ ಸಿಡುಕು ಕಂಡರೆ ಸಹಿಸಿಕೋ.

ನಮ್ಮ ಕಟ್ಟಡದ ಕೆಳಗೆ ಅಂಗಡಿ ಇಟ್ಟಿರುವ ಮಂಗಳೂರಿನ ಸಲಾಂ ರಜೆ ಮುಗಿಸಿ ಬಂದರು. ನೀನು ಅವರ ಕೈಲಿ ಕೊಟ್ಟ ಚಟ್ನಿಪುಡಿ, ಹುಳಿಪುಡಿ, ಗಾನವಿಯ ಹಾಡಿನ ಕ್ಯಾಸೆಟ್ ಎಲ್ಲ ತಲುಪಿತು. “ನಿಮ್ಮ ಮಗಳು ಭಾರೀ ಚುರುಕು ಮಾರಾಯ್ರೇ. ದೋಹಾದಲ್ಲಿ ಮಳೆ ಬರ್ತದಾ ಅಂತ ಕೇಳಿದ್ಳು ನನ್ನತ್ರ” ಎಂದರು. ಅಮ್ಮ ಹೇಗಿದ್ದಾಳೆ ಎಂದು ಕೇಳಿದಳೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಪೊಟ್ಟಣಗಳನ್ನು ಎತ್ತಿಕೊಂಡು ಮೇಲೆ ಬಂದುಬಿಟ್ಟೆ.

ಶಾಲೆಯ ಗೋಳು ಕೇಳು. ಇಲ್ಲಿನ ಮೆಸಯೀದ್‌ನ ಕಾರ್ಖಾನೆಯಲ್ಲಿದ್ದ ಡೆನ್ಮಾರ್ಕಿನ ಇಂಜಿನಿಯರೊಬ್ಬರು ಊರಿಗೆ ಮರಳುವಾಗ ಮಕ್ಕಳ ಪುಸ್ತಕಗಳನ್ನೆಲ್ಲ ನಮ್ಮ ಲೈಬ್ರರಿಗೆ ಕೊಟ್ಟುಹೋದದ್ದು ಹಿಂದೆ ಬರೆದಿದ್ದೆನಲ್ಲ? ಅವರ ದೇಶದ ಬೋಡಿಲ್ ರಾಸ್ಕೋವ್ ಎಂಬಾಕೆ ಬರೆದವು, ಇಂಗ್ಲಿಷಿಗೆ ಬಂದವು. ನಾನು ಕನ್ನಡ ಮಾಡಿ, ಕ್ಯಾಸೆಟ್‌ನಲ್ಲಿ ಗಾನವಿಗೆ ಹೇಳಿ ಕಳಿಸುವ ದೋಣಿಯ ಕತೆಗಳು ಆಕೆಯವೇ. ಆಕೆ ಹುಟ್ಟಿ ನೂರು ವರ್ಷವಾಯಿತೆಂದು ಶಾಲೆಯಲ್ಲಿ ಪ್ರದರ್ಶನ ಮಾಡಿದರು. ಚಾರ್ಟು ಬರೆಯುವ ಕೆಲಸ ಲೈಬ್ರರಿಯವಳಾದ ನನ್ನ ತಲೆಗೆ.

ಅದಕ್ಕಾಗಿ ಆಕೆಯ ಜೀವನ ಓದಿದೆ. ದ್ವೀಪವೊಂದರ ಅಂಬಿಗನ ಮಗಳು. ಗಂಡ ಸತ್ತ ಮೇಲೆ ಐದು ವರ್ಷದ ಮಗಳನ್ನು ಅಕ್ಕನ ಮಡಿಲಿಗೆ ಹಾಕಿ, ಕೋಪನ್‌ಹೇಗನ್ನಿನ ಅಚ್ಚುಕೂಟದಲ್ಲಿ ದುಡಿಯಲು ಹೋದಳು. ವಾರವಾರ ಮಗಳಿಗೆ ಕತೆ ಬರೆದು, ಚಿತ್ರ ಬಿಡಿಸಿ ಕಳಿಸಿದಳು. ಅವೇ ಪುಸ್ತಕಗಳಾದವು. ಎಷ್ಟೋ ಭಾಷೆಯ ಮಕ್ಕಳು ಓದಿದರು. ಬಂದರಿನಲ್ಲಿ ಆಕೆಯ ಪ್ರತಿಮೆ ನಿಂತಿತು, ಸುತ್ತ ಕಲ್ಲಿನ ಮಕ್ಕಳು. ಹೆತ್ತ ಮಗಳು ಮಾತ್ರ ಅದರ ಅನಾವರಣದ ದಿನ ಬರಲಿಲ್ಲವಂತೆ. ಪತ್ರಿಕೆಯವರು ಕೇಳಿದ್ದಕ್ಕೆ, “ನನಗೆ ಕತೆ ಬೇಕಿರಲಿಲ್ಲ, ಜಡೆ ಹಾಕುವವಳು ಬೇಕಿತ್ತು” ಎಂದಳಂತೆ.

ಇದನ್ನೂ ಚಾರ್ಟಿನಲ್ಲಿ ಬರೆದೆ. ನಮ್ಮ ಸೂಪರ್‌ವೈಸರ್ ದೊರೆಸ್ವಾಮಿ, ಬೆಂಗಳೂರಿನವರು, ಮಾರ್ಕರ್ ಹಿಡಿದೇ ಬಂದರು.

“ರತ್ನಾ ಮೇಡಂ, ಇದೆಲ್ಲ ಯಾಕ್ರೀ? ಗೆಸ್ಟ್‌ಗಳು ಬರ್ತಾರೆ. ಮಕ್ಕಳ ಮಹಾತಾಯಿ ಅಂತ ಹಾಕಿ, ಖಲಾಸ್!”

“ಮಗಳ ಮಾತು ತೆಗೆದ್ರೆ ಇದು ಯಾರ ಜೀವನ ಸಾರ್?”

“ಫಂಕ್ಷನ್ ಕಣ್ರೀ ಇದು, ಕೋರ್ಟಲ್ಲ.”

ಎಷ್ಟು ಜಗಳವಾಡಿದರೂ ಕೇಳಲಿಲ್ಲ. ನನ್ನ ಕಣ್ಣೆದುರೇ ಆ ಸಾಲಿನ ಮೇಲೆ ಬಣ್ಣದ ಕಾಗದ ಅಂಟಿಸಿದರು. ಅದರ ಪಕ್ಕದಲ್ಲೇ ನನ್ನನ್ನು ನಿಲ್ಲಿಸಿ, “ಸ್ವಲ್ಪ ನಗ್ರೀ” ಎಂದು ಫೋಟೋ ಬೇರೆ ಹೊಡೆಸಿದರು.

ಇರಲಿ, ಮುಖ್ಯ ವಿಷಯಕ್ಕೆ ಬರುತ್ತೇನೆ. ಗಾನವಿಯ ಅಪ್ಪ ತೀರಿಕೊಂಡ ವರ್ಷ ಇಲ್ಲಿಗೆ ಬಂದವಳು ನಾನು. ಐದು ವರ್ಷ ಆಫೀಸುಗಳಿಗೆ ಅಲೆದೂ ಅಲೆದೂ, ಮಗಳನ್ನು ಕರೆಸಿಕೊಳ್ಳಲು ಈಗ ಒಪ್ಪಿಗೆ ಸಿಕ್ಕಿದೆ. ಬೇರೆ ಕೋಣೆಯನ್ನೂ ಕೊಡುತ್ತಾರೆ. ಜೂನ್‌ನಲ್ಲಿ ಬಂದು ಕರೆದೊಯ್ಯುತ್ತೇನೆ ಎಂದು ನಾನು ಬರೆದರೆ, ‘ಅವಳು ಒಲ್ಲೆ ಅನ್ನುತ್ತಾಳೆ, ಬಲವಂತ ಬೇಡ’ ಎಂದು ನೀನು ಬರೆಯುತ್ತೀಯ! ಹತ್ತು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ ಅಕ್ಕ? ನೀನಾದರೂ ಗದರಿ ಹೇಳಬಾರದೇ? ಫೋನಿನಲ್ಲಿ ನಾನು ಕೇಳಿದರೆ ‘ಹೂಂ’, ‘ಊಹೂಂ’ ಬಿಟ್ಟು ಇನ್ನೊಂದು ಮಾತಿಲ್ಲ. ನಿನ್ನ ಮೇಲೂ ಕೋಪ ಬರುತ್ತದೆ. ಬರಬಾರದು, ಗೊತ್ತು. ಅವಳ ಜ್ವರ ನೋಡಿದವಳು, ಹೇನು ಬಾಚಿದವಳು, ದಿನಾ ಬೆಳಿಗ್ಗೆ ಜಡೆ ಹಾಕುವವಳು ನೀನು.

ಭಾವನವರ ಮೊಣಕಾಲಿಗೆ ಎಣ್ಣೆ ತರುತ್ತೇನೆ. ಗಾನವಿಗೆ ನನ್ನ ಆಶೀರ್ವಾದ. ಹೊಟ್ಟೆ ತುಂಬ ಉಣ್ಣಲಿ, ಚೆನ್ನಾಗಿ ಓದಲಿ. ಅವಳನ್ನು ಸಾಕಿದ ನಿನ್ನ ಮನೆ ತಣ್ಣಗಿರಲಿ.

ನಿನ್ನ ತಂಗಿ,
ರತ್ನಪ್ರಭಾ

ತಾ.ಕ.: ಹಾಡು ಚೆನ್ನಾಗಿದೆ ಎಂದು ಅವಳಿಗೆ ಹೇಳು. ನಿಜವಾಗಿಯೂ ಚೆನ್ನಾಗಿದೆ. ಇನ್ನು ಮುಂದಿನದು ನಿನಗೆ ಮಾತ್ರ. ಆ ಕ್ಯಾಸೆಟ್ ಹೊಸದಲ್ಲ, ನಾನು ದೋಣಿಯ ಕತೆ ಹೇಳಿ ಕಳಿಸಿದ್ದೇ. ಅಪ್ಪಿತಪ್ಪಿಯೂ ಅಳಿಸಿಹೋಗದಿರಲೆಂದು ಅಂಚಿನ ಪ್ಲಾಸ್ಟಿಕ್ ಚೂರುಗಳನ್ನು ಮುರಿದೇ ಕಳಿಸುತ್ತೇನಲ್ಲ? ಆ ಕಿಂಡಿ ಮುಚ್ಚದೆ ಅದರ ಮೇಲೆ ಇನ್ನೊಂದು ರೆಕಾರ್ಡ್ ಮಾಡಲಾಗದು. ಮುಚ್ಚಿದ್ದಾಳೆ. ಹುಟ್ಟುಹಬ್ಬಕ್ಕೆ ನಾನೇ ಕಳಿಸಿದ ಚಿಟ್ಟೆಯ ಸ್ಟಿಕರ್ ಅಂಟಿಸಿ, ಅಂಚು ಏಳದ ಹಾಗೆ ನೀಟಾಗಿ ಒತ್ತಿದ್ದಾಳೆ. ಬೈಯಬೇಡ, ಕೇಳಲೂ ಬೇಡ. ಜೂನ್‌ನಲ್ಲಿ ಬರುತ್ತೇನೆ, ಕರೆದೊಯ್ಯಲು ಅಲ್ಲ. ರಜೆ ಮುಗಿಯುವವರೆಗೆ ಜಡೆ ಹಾಕಲು ಬಿಡುತ್ತಾಳೋ ನೋಡುತ್ತೇನೆ. ಹಾಡು ಮುಗಿದರೂ ಟೇಪ್ ನಿಲ್ಲಿಸದೆ ಕೂತಿದ್ದೆ ಅಕ್ಕ. ಕತೆಯ ಕೊನೆ ಅಳಿಸದೆ ಉಳಿದುಬಿಟ್ಟಿದೆ, ನನ್ನದೇ ದನಿ: “ದೋಣಿ ದಡ ಸೇರ್ತು. ಇನ್ನು ಮಲ್ಕೋ ಕಂದಾ, ಅಮ್ಮ ಇಲ್ಲೇ ಪಕ್ಕದಲ್ಲೇ ಇದ್ದೀನಿ.”